ಅಂಗಾತಪ್ಪನ ಅಂಗೈ

ನನ್ನ ಸೋದರಮಾವನ ಮುಖಕ್ಕಿಂತ ಚೆನ್ನಾಗಿ ನನಗೆ ನೆನಪಿರುವುದು ಅವರ ಪಾದಗಳು. ನಾನು ಚಿಕ್ಕವಳು, ಅವರಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅಮ್ಮ ತಮ್ಮನಿಗೆಂದು ಕಟ್ಟಿಕೊಟ್ಟ ಬುತ್ತಿ ಹಿಡಿದು ನಾನು ಗಾಡಿಗಳ ಷೆಡ್ಡಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು "ಮಾವ" ಎಂದು ಕೂಗಿದರೆ ಯಾವುದೋ ಒಂದು ಜೀಪಿನ ಅಡಿಯಿಂದ ಹೊರಗೆ ಚಾಚಿದ್ದ ಎರಡು ಪಾದಗಳಲ್ಲಿ ಬಲಗಡೆಯದು ಅಲ್ಲಾಡುತ್ತಿತ್ತು. ಬುತ್ತಿಯನ್ನು ಆ ಪಾದದ ಪಕ್ಕದಲ್ಲಿಟ್ಟು ಬರುತ್ತಿದ್ದೆ.

ಅಪ್ಪ ಅಮ್ಮ ಇಟ್ಟ ಹೆಸರು ಅವರ ಪಾಲಿಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳು ಅವರನ್ನು ಕರೆಯುತ್ತಿದ್ದದ್ದು ಅಂಗಾತಪ್ಪ ಎಂದು. ದಿನದ ಮುಕ್ಕಾಲು ಪಾಲು ಅಂಗಾತ ಮಲಗಿಯೇ ಸಂಬಳ ತೆಗೆದುಕೊಳ್ಳುವ ಭಾಗ್ಯವಂತ ಈ ಭೂಮಿಯ ಮೇಲೆ ಇವನೊಬ್ಬನೇ ಎಂಬುದು ಅವರ ತಮಾಷೆ. ಮಾವ ಆ ಹೆಸರಿಗೆ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ. ಒಮ್ಮೆ ಯಾರೋ ಹೊಸಬರು ಬಂದು ನಿಜವಾದ ಹೆಸರು ಹೇಳಿ ವಿಚಾರಿಸಿದಾಗ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಮಾವನೇ ಜೀಪಿನ ಅಡಿಯಿಂದ ಹೇಳಿ ಕಳಿಸಿಬಿಟ್ಟಿದ್ದರಂತೆ.

ಷೆಡ್ಡು ಇದ್ದದ್ದು ಆಸ್ಪತ್ರೆಯ ಹಿಂಬದಿಯಲ್ಲಿ. ಗುಡ್ಡದಾಚೆಯ ಹಳ್ಳಿಗಳಿಗೆ ಲಸಿಕೆ, ಔಷಧಿ, ಡಾಕ್ಟರು, ನರ್ಸುಗಳನ್ನು ಹೊತ್ತೊಯ್ಯುವ ಐದು ಎತ್ತರದ ಜೀಪುಗಳು ಅಲ್ಲಿದ್ದವು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವಂಥವು. ಅವು ಓಡಾಡುತ್ತಿದ್ದ ದಾರಿಯನ್ನು ದಾರಿ ಎನ್ನುವುದು ಬರೀ ಮರ್ಯಾದೆಯ ಮಾತು. ಅರ್ಧ ದೂರ ಹಳ್ಳದ ಪಾತ್ರದಲ್ಲಿ ಗುಂಡುಕಲ್ಲುಗಳ ಮೇಲೆ, ಉಳಿದರ್ಧ ಎದೆಮಟ್ಟದ ಹುಲ್ಲಿನ ನಡುವೆ. ಇಂಥ ಕಡೆ ಗಾಡಿಯ ಆಯಸ್ಸು ನಿಂತಿರುವುದು ಅದರ ಅಡಿಭಾಗದ ಮೇಲೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಕಲ್ಲಿನ ಏಟಿಗೆ ಬಾಗಿ ಏಳುವ ಪಟ್ಟಿ ಸ್ಪ್ರಿಂಗುಗಳು, ಆ ಏಳುಬೀಳಿಗೆ ಕಡಿವಾಣ ಹಾಕುವ ಶಾಕ್ ಅಬ್ಸಾರ್ಬರುಗಳು, ಎಂಜಿನ್ನಿನ ಹೊಟ್ಟೆಗೆ ಕಲ್ಲು ತಾಗದಂತೆ ಕೆಳಗೆ ಅಡ್ಡ ನಿಲ್ಲುವ ಉಕ್ಕಿನ ಪ್ಲೇಟು. ಮಾವನ ಪ್ರಪಂಚ ಇಷ್ಟೇ. ಎಂಜಿನ್ನು ನೋಡಿಕೊಳ್ಳಲು ಬೇರೆ ಮೇಸ್ತ್ರಿ ಇದ್ದರು. ಬಾನೆಟ್ಟು ಎತ್ತಿ ನಿಂತ ಅವರ ಸುತ್ತ ಯಾವಾಗಲೂ ನಾಲ್ಕು ಜನ ಇರುತ್ತಿದ್ದರು. ಮಾವನ ಪಕ್ಕ ಯಾರು ತಾನೆ ಮಲಗುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿ ಸೇರಿದಾಗ ಅವರಿಗೆ ಕೊಟ್ಟದ್ದು ಗಾಡಿ ತೊಳೆಯುವ ಕೆಲಸ. ಎಲ್ಲರೂ ಕಣ್ಣಿಗೆ ಕಾಣುವ ಬಣ್ಣವನ್ನು ತೊಳೆದು ಕೈ ಒರೆಸಿಕೊಂಡರೆ ಇವರು ಪೈಪು ಹಿಡಿದು ಕೆಳಗೆ ನುಗ್ಗುತ್ತಿದ್ದರು. ಮೂಲೆಮೂಲೆಯ ಕೆಸರು ಕಳಚಿಬಿದ್ದಾಗ ಅದರ ಹಿಂದೆ ಏನಿದೆ ಎಂದು ನೋಡುವ ಚಟ ಹತ್ತಿತು. ಯಾವ ಬೋಲ್ಟಿನ ಸುತ್ತ ತುಕ್ಕು ಹಿಡಿದಿದೆ, ಕೀಲುಗಳಿಗೆ ಹಾಕಿದ ಯಾವ ರಬ್ಬರ್ ಬುಷ್ ಬಿರಿದಿದೆ, ಪಟ್ಟಿಯ ಯಾವ ಜಾಗ ಉಜ್ಜಿ ಉಜ್ಜಿ ಹೊಳೆಯುತ್ತಿದೆ ಎನ್ನುವುದನ್ನು ಹೋಗಿ ಆಗಿನ ಹಿರಿಯ ಮೇಸ್ತ್ರಿಗೆ ಹೇಳುತ್ತಿದ್ದರು. ಮೊದಮೊದಲು ಸಿಡುಕುತ್ತಿದ್ದ ಆ ಹಿರಿಯರು ಎರಡು ವರ್ಷ ಕಳೆಯುವುದರೊಳಗೆ ಪೈಪು ಕಿತ್ತುಕೊಂಡು ಕೈಗೆ ಸ್ಪ್ಯಾನರ್ ಕೊಟ್ಟರು.

ಮಾವನ ದೊಡ್ಡ ಆಸ್ತಿ ಎಂದರೆ ಅವರ ಕಿವಿ. ಪುಟ್ಟ ಸುತ್ತಿಗೆಯೊಂದರಿಂದ ಪಟ್ಟಿಗಳನ್ನು, ಬೋಲ್ಟುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತಿದ್ದರು. ಗಟ್ಟಿಯಾಗಿದ್ದದ್ದು ಟಣ್ ಎನ್ನುತ್ತಿತ್ತು. ಕೂದಲೆಳೆಯಷ್ಟು ಸೀಳು ಬಿಟ್ಟದ್ದು ಒಡಕು ದನಿಯಲ್ಲಿ ಉತ್ತರ ಕೊಡುತ್ತಿತ್ತು. ಜೀಪು ಗೇಟಿನ ಒಳಗೆ ಬರುವಾಗಲೇ, ಹಿಂದಿನ ಎಡಗಡೆ ಬುಷ್ ಹೋಗಿದೆ ನೋಡು ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು.

ಕಿವಿಯಷ್ಟೇ ಅಲ್ಲ, ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುವುದೂ ಕಷ್ಟವಿತ್ತು. ನಾಲ್ಕನೇ ಗಾಡಿ ಓಡಿಸುತ್ತಿದ್ದ ಗಡ್ಡದ ಡ್ರೈವರು ಒಂದು ಮಧ್ಯಾಹ್ನ ತಡವಾಗಿ ಬಂದು, ಹಳ್ಳದಲ್ಲಿ ಚಕ್ರ ಸಿಕ್ಕಿಕೊಂಡಿತ್ತು ಎಂದು ವರದಿ ಕೊಟ್ಟರು. ಮಾವ ಅಡಿಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರು. ಬೆರಳ ತುದಿಯಲ್ಲಿ ಪ್ಲೇಟಿನಿಂದ ಕೆರೆದುಕೊಂಡ ಹಳದಿ ಜೇಡಿಮಣ್ಣು. ಆ ಮಣ್ಣು ಸಿಗುತ್ತಿದ್ದದ್ದು ಹೆಂಚಿನ ಗೂಡಿನ ಕಡೆ ಹೋಗುವ ದಾರಿಯಲ್ಲಿ ಮಾತ್ರ. ಡ್ರೈವರಿಗೆ ಗೊತ್ತುಮಾಡಿದ್ದ ಹುಡುಗಿಯ ಮನೆಯೂ ಅಲ್ಲೇ ಇತ್ತು. "ಹುಡುಗಿ ಮನೇಲಿ ಎಲ್ಲರೂ ಚೆನ್ನಾಗಿದ್ದಾರಾ?" ಎಂದು ಮಾವ ಕೇಳಿದ್ದಷ್ಟೇ. ಡ್ರೈವರು ಗಡ್ಡದೊಳಗೇ ಕೆಂಪಾದರು. ಮಾವ ಅದನ್ನು ಮೇಲಿನವರ ಕಿವಿಗೆ ಹಾಕಲಿಲ್ಲ. ಆದರೆ ಮುಂದೆ ಮದುವೆಯ ದಿನ ಅದೇ ಪ್ರಶ್ನೆಯನ್ನು ಎಲ್ಲರೆದುರು ಕೇಳದೆ ಬಿಡಲೂ ಇಲ್ಲ.

ಮುಂದೆ ಮಾವನ ಕೈಹಿಡಿದ ಅತ್ತೆಯದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಮಷೀನು ಹಾಕಿಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದರು. ಮಾವನ ಅಂಗಿಗಳ ಎದೆಭಾಗ ವರ್ಷಗಟ್ಟಲೆ ಹೊಸದರಂತೆ ಇರುತ್ತಿತ್ತು, ಬೆನ್ನು ಮಾತ್ರ ಮೂರೇ ತಿಂಗಳಲ್ಲಿ ಜಾಲರಿ. ಅತ್ತೆ ಉಪಾಯ ಮಾಡಿ ಅಂಗಿ ಹೊಲಿಯುವಾಗಲೇ ಬೆನ್ನಿಗೆ ದಪ್ಪ ಬಟ್ಟೆಯ ಎರಡು ಪದರ ಕೊಡಲು ಶುರುಮಾಡಿದರು. ಗ್ರೀಸಿನ ಕಲೆ ತೆಗೆಯಲು ಶನಿವಾರದ ಸಂಜೆ ಬಚ್ಚಲಲ್ಲಿ ಕೂತು ಆ ಬೆನ್ನುಗಳನ್ನು ತಿಕ್ಕುತ್ತಾ, ಈ ಮನುಷ್ಯನ ಬೆನ್ನಿನ ಜೊತೆಗೇ ನನ್ನ ಸಂಸಾರ ಎಂದು ಗೊಣಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಗೊಣಗಾಟದಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ.

ನಾನು ನರ್ಸ್ ಆಗಿ ಅದೇ ಆಸ್ಪತ್ರೆಗೆ ಸೇರಿ, ನಾಲ್ಕನೇ ಗಾಡಿಯಲ್ಲಿ ಹಳ್ಳಿಗಳಿಗೆ ಹೋಗತೊಡಗಿದಾಗ ಮಾವನಿಗೆ ಐವತ್ತೆರಡು. ಆ ವರ್ಷದಿಂದಲೇ ಇರಬೇಕು, ಅವರ ಉತ್ತರಗಳು ಆಚೀಚೆಯಾಗಲು ಶುರುವಾದದ್ದು. ಊಟ ಆಯಿತಾ ಎಂದರೆ ನಾಳೆ ಎನ್ನುವರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಅವರ ನಗು ನಮ್ಮದಕ್ಕಿಂತ ಸ್ವಲ್ಪ ತಡವಾಗಿ ಬರುತ್ತದೆ ಎನ್ನುವುದನ್ನು ಮೊದಲು ಗಮನಿಸಿದವರು ಅತ್ತೆ. ಕಿಟಕಿಯಾಚೆ ಮಳೆ ಹೊಯ್ಯುತ್ತಿದ್ದರೂ ಇವರಿಗೆ ನೋಡಿದ ಮೇಲೇ ಗೊತ್ತಾಗುತ್ತೆ ಕಣೇ ಎಂದು ನನ್ನ ಬಳಿ ಹೇಳಿದರು. ಮಾವನನ್ನು ಕೇಳಿದರೆ, ಷೆಡ್ಡಿನ ಗದ್ದಲ, ಕಿವಿಯಲ್ಲಿ ಸ್ವಲ್ಪ ಧೂಳು ಎಂದು ಮಾತು ಮರೆಸಿದರು.

ಮುಚ್ಚಿಟ್ಟದ್ದು ಹೊರಬಿದ್ದದ್ದು ಎರಡನೇ ಗಾಡಿಯಿಂದ. ಬೆಳಿಗ್ಗೆ ಮಾವನೇ ತಟ್ಟಿ ನೋಡಿ, ಸರಿಯಿದೆ ಎಂದು ಕಳಿಸಿದ್ದ ಗಾಡಿ. ಗುಡ್ಡ ಹತ್ತುವ ಮೊದಲೇ ಕಿರಗುಟ್ಟುವ ಸದ್ದು ಕೇಳಿ ಡ್ರೈವರು ವಾಪಸು ತಂದರು. ಹಿಂಬದಿಯ ಎರಡನೇ ಪಟ್ಟಿ ನಡುವೆಯೇ ಮುರಿದಿತ್ತು. ಮುರಿದ ಬಾಯಿಯ ಅರ್ಧ ಭಾಗದಲ್ಲಿ ಹಳೆಯ ತುಕ್ಕು. ಅಂದರೆ ಸೀಳು ಇವತ್ತಿನದಲ್ಲ. ಯಾರಿಗೂ ಏನೂ ಆಗಲಿಲ್ಲ, ಯಾರೂ ಬೈಯಲೂ ಇಲ್ಲ. ಮಾವ ಆ ಮುರಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಷೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದರು. ಸುತ್ತಿಗೆಯಿಂದ ಅದನ್ನು ಒಮ್ಮೆ ತಟ್ಟಿ ನನ್ನ ಮುಖ ನೋಡಿದರು.

"ಈಗ ಹೇಗೆ ಕೇಳಿಸ್ತು?" ಎಂದರು.

"ಒಡೆದ ಮಡಕೆ ಥರ, ಮಾವ."

"ನನಗೆ ಏನೂ ಕೇಳಿಸ್ಲಿಲ್ಲ ಮಗಳೇ. ನನ್ನ ಕೈ ಆಡಿದ್ದಷ್ಟೇ ಗೊತ್ತಾಯ್ತು."

ಮರುದಿನ ನಾನೇ ಕೈಹಿಡಿದು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಸಣ್ಣ ದನಿಗಳು ಪೂರ್ತಿ ಹೋಗಿವೆ, ಉಳಿದವೂ ನಿಧಾನಕ್ಕೆ ಹೋಗುತ್ತವೆ ಎಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಮನೆಯಲ್ಲಿ ಅದು ಕೆಲಸಕ್ಕೆ ಬಂತು. ಜೀಪಿನ ಅಡಿಯಲ್ಲಿ ಮಲಗಿದರೆ ಕಬ್ಬಿಣಕ್ಕೆ ತಾಗಿ ಶಿಳ್ಳೆ ಹೊಡೆಯುತ್ತಿತ್ತು. ಗ್ರೀಸು ಮೆತ್ತಿಕೊಂಡು ವಾರದಲ್ಲಿ ಎರಡು ಸಲ ಸತ್ತುಹೋಗುತ್ತಿತ್ತು.

ಆಸ್ಪತ್ರೆಯ ವಾಹನಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಬೇಗ ತೀರ್ಮಾನ ಮಾಡುವವರು, ತೀರ್ಮಾನ ಮಾಡಿದ ಮೇಲೆ ತಿರುಗಿ ನೋಡದವರು. ಜನರ ಜೀವದ ಪ್ರಶ್ನೆ, ಕಿವಿ ಕೇಳದವರನ್ನು ಆ ಜಾಗದಲ್ಲಿ ಇಡಲಾಗದು ಎಂದು ಮಾವನನ್ನು ಬಿಡಿಭಾಗಗಳ ಕೋಣೆಗೆ ಹಾಕಿದರು. ಮೊಳೆ, ಬೋಲ್ಟು, ಬೆಲ್ಟು ಕೊಡುವ ಕೆಲಸ. ಕುರ್ಚಿ ಇತ್ತು, ಫ್ಯಾನೂ ಇತ್ತು. ಮಾವ ಎದುರಾಡದೆ ಒಪ್ಪಿಕೊಂಡರು. ಅವರ ಜಾಗಕ್ಕೆ ತಕ್ಷಣಕ್ಕೆ ಯಾರನ್ನೂ ಹಾಕಲಿಲ್ಲ. ಎಂಜಿನ್ ಮೇಸ್ತ್ರಿಯೇ ಬಿಡುವಾದಾಗ ಕೆಳಗೂ ಒಂದು ಕಣ್ಣು ಹಾಯಿಸುವುದೆಂದಾಯಿತು.

ಆ ವಾರಾಂತ್ಯ ನಾನು ಹೋದಾಗ ಅತ್ತೆ ಬಚ್ಚಲ ಬಾಗಿಲಲ್ಲಿ ಕೂತಿದ್ದರು. ಮಡಿಲಲ್ಲಿ ಮಾವನ ಅಂಗಿ. ಅದರ ಬೆನ್ನಿನಲ್ಲಿ ಒಂದು ಚುಕ್ಕೆ ಕೊಳೆ ಇರಲಿಲ್ಲ. ಇಪ್ಪತ್ತು ವರ್ಷ ಗೊಣಗಿದ ಹೆಂಗಸು ಆ ಶುಭ್ರವಾದ ಬಟ್ಟೆಯನ್ನು ನೋಡುತ್ತಾ ಸದ್ದಿಲ್ಲದೆ ಅಳುತ್ತಿದ್ದರು. ನನ್ನನ್ನು ಕಂಡದ್ದೇ ಕಣ್ಣೊರೆಸಿಕೊಂಡು, ಸೋಪು ಉಳಿಯಿತು ಬಿಡು ಎಂದು ಎದ್ದರು.

ಮಾವ ಕೋಣೆಯಲ್ಲಿ ಸುಮ್ಮನೆ ಕೂತಿರಲಿಲ್ಲ ಎನ್ನುವುದು ನನಗೆ ತಡವಾಗಿ ತಿಳಿಯಿತು. ಸಂಜೆ ನಾಲ್ಕರ ಹೊತ್ತಿಗೆ ಗಾಡಿಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಡ್ರೈವರು ಇಳಿದು ಕೈಕಾಲು ತೊಳೆಯಲು ಹೋದ ಕೂಡಲೇ ಇವರು ಕೋಣೆಯಿಂದ ಬಂದು ನಾಲ್ಕು ಚಕ್ರಗಳ ಹಿಂದೆ ಒಂದೊಂದು ಕ್ಷಣ ಕೈಚಾಚಿ ಹೋಗುತ್ತಿದ್ದರು. ನಾನು ನೋಡಿದ ದಿನ ಏನು ಮಾಡುತ್ತೀರಿ ಎಂದು ಸನ್ನೆಯಲ್ಲೇ ಕೇಳಿದೆ. ನನ್ನ ಕೈಹಿಡಿದು ನಾಲ್ಕನೇ ಗಾಡಿಯ ಮುಂದಿನ ಬಲಗಡೆಯ ಶಾಕ್ ಅಬ್ಸಾರ್ಬರಿನ ಮೇಲೆ ಇಟ್ಟರು. ಬೆಚ್ಚಗಿತ್ತು. ಎಡಗಡೆಯದೂ ಬೆಚ್ಚಗೆ. ಹಿಂದಿನ ಬಲಗಡೆಯದು ಇನ್ನೂ ಸ್ವಲ್ಪ ಜಾಸ್ತಿ. ಹಿಂದಿನ ಎಡಗಡೆಯದು ಮಾತ್ರ ಆಗತಾನೆ ಕಪಾಟಿನಿಂದ ತೆಗೆದ ಹಾಗೆ ತಣ್ಣಗಿತ್ತು.

"ದುಡಿದವರ ಮೈ ಬಿಸಿ ಇರುತ್ತೆ," ಎಂದರು. "ಈ ಆಸಾಮಿ ಇವತ್ತು ಕೆಲಸಾನೇ ಮಾಡಿಲ್ಲ."

ಗಡ್ಡದ ಡ್ರೈವರು ನಂಬಲಿಲ್ಲ. ಗಾಡಿ ಹೂವಿನ ಹಾಗೆ ಓಡುತ್ತಿದೆ ಎಂದರು. ಎಂಜಿನ್ ಮೇಸ್ತ್ರಿ ಬಿಚ್ಚಿ ಕೈಯಲ್ಲಿ ಹಿಡಿದು ಒತ್ತಿದಾಗ ಅದು ಯಾವ ಬಿಗಿಯೂ ಇಲ್ಲದೆ ಗಾಳಿ ತುಂಬುವ ಪಂಪಿನ ಹಾಗೆ ಒಳಗೂ ಹೊರಗೂ ಜಾರಿತು. ಒಳಗಿನ ಎಣ್ಣೆಯೆಲ್ಲ ಯಾವಾಗಲೋ ಸೋರಿಹೋಗಿತ್ತು. ಅದೇ ಸ್ಥಿತಿಯಲ್ಲಿ ಇನ್ನೆರಡು ವಾರ ಓಡಿದ್ದರೆ ಆ ಕಡೆಯ ಪಟ್ಟಿಗಳು ಒಂದೊಂದಾಗಿ ಮುರಿಯುತ್ತಿದ್ದವು.

ಆಮೇಲೆ ಮಾವ ಒಂದೊಂದೇ ಹೊಸ ವಿದ್ಯೆಯನ್ನು ತಾವೇ ಕಂಡುಕೊಂಡರು. ಮುಖ್ಯವಾದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು. ಗೆರೆ ನೇರವಾಗಿದ್ದರೆ ಬೋಲ್ಟು ಭದ್ರ, ತುಂಡಾಗಿ ಅತ್ತಿತ್ತ ಸರಿದಿದ್ದರೆ ಸಡಿಲ. ಪಟ್ಟಿಗಳ ಸಂದಿನಲ್ಲಿ ಉಗುರು ಓಡಿಸಿ ಇಟ್ಟಿಗೆ ಪುಡಿಯಂಥ ತುಕ್ಕು ಉದುರಿದರೆ ಅಲ್ಲಿ ಏನೋ ಉಜ್ಜಾಡುತ್ತಿದೆ ಎಂದು ಗುರುತಿಸಿದರು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಪ್ರಿಂಗಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಯಾರನ್ನಾದರೂ ಕರೆದು ಗಾಡಿಯನ್ನು ಮೇಲೆ ಕೆಳಗೆ ಅಲುಗಾಡಿಸಲು ಹೇಳುತ್ತಿದ್ದರು. ಕಿವಿಗೆ ಬಾರದ ಸದ್ದು ದವಡೆಯ ಮೂಳೆಯಲ್ಲಿ ನಡುಗುತ್ತಿತ್ತು. ಅಂಗಾತಪ್ಪನಿಗೆ ಹಸಿವಾದರೆ ಜೀಪನ್ನೇ ಕಚ್ಚುತ್ತಾನೆ ಎಂದು ಡ್ರೈವರುಗಳು ನಕ್ಕರು. ನಗುತ್ತಲೇ ತಮ್ಮ ತಮ್ಮ ಗಾಡಿಯನ್ನು ತಂದು ಅವರ ಕೋಣೆಯ ಮುಂದೆ ನಿಲ್ಲಿಸತೊಡಗಿದರು. ಇದೆಲ್ಲ ಸೂಪರಿಂಟೆಂಡೆಂಟರಿಗೆ ಗೊತ್ತಿಲ್ಲದೆ ನಡೆಯುತ್ತಿದ್ದದ್ದು.

ಆ ನಡುವೆ ಮೂರನೇ ಗಾಡಿಗೆ ಹಳ್ಳದಲ್ಲಿ ಕಲ್ಲು ಬಡಿದು, ಹಳೆಯ ಪ್ಲೇಟು ಕಿತ್ತುಬಂದು, ಎಂಜಿನ್ನಿನ ಎಣ್ಣೆ ತೊಟ್ಟಿ ಒಡೆಯಿತು. ಸೂಪರಿಂಟೆಂಡೆಂಟರು ಆ ದಿನವೇ ತೀರ್ಮಾನ ಮಾಡಿದರು. ಎಲ್ಲ ಗಾಡಿಗಳಿಗೂ ಎರಡು ಪಟ್ಟು ದಪ್ಪದ ಪ್ಲೇಟು, ರಂಧ್ರವಿಲ್ಲದ ಒಂದೇ ಹಾಳೆ. ಬೋಲ್ಟು ಹಾಕಿದರೆ ತಾನೇ ಕಿತ್ತುಬರುವುದು, ವೆಲ್ಡಿಂಗ್ ಮಾಡಿಬಿಡಿ ಎಂದರು.

ಮಾವ ಕೆಲಸಕ್ಕೆ ಸೇರಿದ ಮೇಲೆ ಅಧಿಕಾರಿಯೊಬ್ಬರ ಕೋಣೆಗೆ ಕರೆಯದೆ ಹೋದದ್ದು ಅದೇ ಮೊದಲು. ಬಿಚ್ಚಲು ಬಾರದ ಪ್ಲೇಟು ಬೇಡ, ಒಳಗೆ ಕೆಸರು ನಿಂತು ಚಾಸಿಯ ಚೌಕಟ್ಟು ಕೊಳೆಯುತ್ತದೆ, ಬೇಸಿಗೆಯಲ್ಲಿ ಒಣಹುಲ್ಲು ತುಂಬಿಕೊಳ್ಳುತ್ತದೆ, ಪಕ್ಕದಲ್ಲೇ ಸೈಲೆನ್ಸರ್ ಪೈಪು ಕೆಂಡದ ಹಾಗೆ ಕಾಯುತ್ತದೆ, ಇಷ್ಟು ಭಾರಕ್ಕೆ ಮುಂದಿನ ಸ್ಪ್ರಿಂಗೂ ಕುಸಿಯುತ್ತದೆ ಎಂದೆಲ್ಲ ಹೇಳಿದರಂತೆ. ಅವರು ಎಲ್ಲ ಕೇಳಿಸಿಕೊಂಡು, ಆಯಿತು, ನೀವು ಬಿಡಿಭಾಗ ನೋಡಿಕೊಳ್ಳಿ ಎಂದರಂತೆ. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಮಷೀನಿನಿಂದ ತಲೆಯೆತ್ತಲಿಲ್ಲ. "ಕಿವಿ ಹೋಗಿರೋದು ನಿಮಗೆ, ಕೇಳಿಸದೆ ಇರೋದು ಅವರಿಗೆ," ಎಂದು ದೊಡ್ಡ ದನಿಯಲ್ಲಿ, ಮಾವನಿಗೂ ಕೇಳುವ ಹಾಗೆ ಹೇಳಿದರು. ಆ ವಾರದಲ್ಲಿ ಮಾವ ನಕ್ಕದ್ದು ಅದೊಂದೇ ಸಲ.

ಮೊದಲು ವೆಲ್ಡಿಂಗ್ ಆದದ್ದು ಮೂರನೇ ಮತ್ತು ನಾಲ್ಕನೇ ಗಾಡಿಗೆ. ಬೇಸಿಗೆ ಏರುತ್ತಿತ್ತು. ನಾನು ಲಸಿಕೆಯ ಪೆಟ್ಟಿಗೆಯೊಂದಿಗೆ ಹೊರಟ ಬೆಳಿಗ್ಗೆ ಮಾವ ಕೋಣೆಯಿಂದ ಬಂದು ಗಡ್ಡದ ಡ್ರೈವರಿಗೆ ಒಂದು ಉದ್ದನೆಯ ತಂತಿಯನ್ನು ಕೊಟ್ಟರು. ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿದ್ದರು. ಜೊತೆಗೆ ಎರಡು ಕ್ಯಾನು ನೀರು. ಹುಲ್ಲಿನ ದಾರಿಯಲ್ಲಿ ಗಂಟೆಗೊಮ್ಮೆ ನಿಲ್ಲಿಸಿ, ಪ್ಲೇಟಿನ ಹಿಂಬದಿಯ ಸಂದಿನಿಂದ ಕೊಕ್ಕೆ ಹಾಕಿ ಸಿಕ್ಕಿದ್ದನ್ನೆಲ್ಲ ಎಳೆದು ಹಾಕಬೇಕು ಎಂದು ಎರಡು ಸಲ ಹೇಳಿದರು.

ಮೊದಲ ಗಂಟೆಗೆ ಡ್ರೈವರು ಹೇಳಿದಂತೆ ಮಾಡಿದರು. ಒಂದು ತೆಕ್ಕೆ ಹುಲ್ಲು ಬಂತು. ಎರಡನೆಯ ಸಲ, ವಾಪಸು ಬರುವಾಗ, ನಿಲ್ಲಿಸಲಿಲ್ಲ. ಗಾಡಿಯಲ್ಲಿ ಮೇಲಿನ ಹಳ್ಳಿಯಿಂದ ಆಸ್ಪತ್ರೆಗೆಂದು ಹತ್ತಿಸಿಕೊಂಡ ಒಬ್ಬರು ಅಜ್ಜಿ ಇದ್ದರು, ಕಾಲು ಮುರಿದಿತ್ತು. ಬೇಗ ತಲುಪೋಣ ಎಂದು ನಾನೇ ಅವಸರ ಮಾಡಿದ್ದೆ. ಹಾಗಾಗಿ ತಪ್ಪಿನಲ್ಲಿ ನನ್ನದೂ ಅರ್ಧ ಪಾಲು.

ಮೊದಲು ವಾಸನೆ ಬಂತು, ಹಿತ್ತಲಲ್ಲಿ ಕಸ ಸುಟ್ಟ ಹಾಗೆ. ಆಮೇಲೆ ಕಾಲ ಬಳಿಯ ತಗಡಿನ ಸಂದಿನಿಂದ ಎಳೆಹೊಗೆ. ಡ್ರೈವರು ಹುಲ್ಲಿಲ್ಲದ ಕಲ್ಲುಹಾಸಿನ ಮೇಲೆ ಗಾಡಿ ತಂದು ನಿಲ್ಲಿಸಿದರು. ಇಬ್ಬರೂ ಸೇರಿ ಅಜ್ಜಿಯನ್ನು ಹಾಸಿಗೆ ಸಮೇತ ಇಳಿಸಿ ದೂರದ ಬಂಡೆಯ ನೆರಳಿಗೆ ಒಯ್ದೆವು. ಲಸಿಕೆಯ ಪೆಟ್ಟಿಗೆ ಅವರ ಪಕ್ಕದಲ್ಲಿ. ಡ್ರೈವರು ಬಗ್ಗಿ ನೋಡಿ ಹಿಂದೆ ಸರಿದರು. ಅವರದು ದೊಡ್ಡ ಮೈ, ಆ ಸಂದಿನೊಳಗೆ ಹಿಡಿಯುವಂಥದ್ದಲ್ಲ. ಪ್ಲೇಟು ಬಿಚ್ಚೋಣವೆಂದರೆ ಅದಕ್ಕೆ ಬೋಲ್ಟೇ ಇಲ್ಲ.

ತಂತಿ ಹಿಡಿದು ನಾನು ಮಲಗಿದೆ. ಬೆನ್ನಿನ ಕೆಳಗಿನ ಕಲ್ಲು ಕಾದಿತ್ತು. ಮುಖದಿಂದ ಗೇಣುದ್ದ ಮೇಲೆ ಪ್ಲೇಟಿನ ಅಂಚು, ಅದರ ಹಿಂದೆ ಕಪ್ಪಾಗಿ ಕೆಂಪಾಗಿ ನಿಗಿನಿಗಿ ಎನ್ನುತ್ತಿದ್ದ ಹುಲ್ಲಿನ ಉಂಡೆ. ಕೊಕ್ಕೆ ಹಾಕಿ ಎಳೆದೆ. ಕಿಡಿಗಳು ಕುತ್ತಿಗೆಯ ಮೇಲೆ ಬಿದ್ದವು. ನಾನು ಎಳೆದು ಪಕ್ಕಕ್ಕೆ ಹಾಕಿದ್ದರ ಮೇಲೆ ಡ್ರೈವರು ನೀರು ಸುರಿಯುತ್ತಿದ್ದರು. ಎಷ್ಟು ಎಳೆದರೂ ಮತ್ತೆ ಬರುತ್ತಿತ್ತು. ಒಂದು ಹಂತದಲ್ಲಿ ಉರಿ ಭುಗ್ಗೆಂದು ಪೈಪಿನ ಸುತ್ತ ಎದ್ದಿತು. ಓಡಿಹೋಗಬೇಕು ಅನಿಸಿತು, ನಿಜ ಹೇಳುತ್ತೇನೆ. ಆಗ ಡ್ರೈವರು ಎರಡನೆಯ ಕ್ಯಾನನ್ನು ಮೇಲಿಂದ, ಬಾನೆಟ್ಟಿನ ಕಡೆಯಿಂದ ಒಂದೇ ಸಲ ಸುರಿದರು. ಹಬೆ, ಬೂದಿ, ಕರಿನೀರು ಎಲ್ಲ ನನ್ನ ಮೇಲೆ. ಕೊನೆಯ ಉಂಡೆ ಕೊಕ್ಕೆಗೆ ಸಿಕ್ಕಿ ಹೊರಬಂತು. ಕೈಗೆ ಎರಡು ಬೊಬ್ಬೆ, ಕೂದಲಿನ ಒಂದು ತುದಿ ಕರಕಲು. ಅಷ್ಟಕ್ಕೇ ಮುಗಿಯಿತು. ಎದ್ದು ಬಂದಾಗ ಬಂಡೆಯ ನೆರಳಿನ ಅಜ್ಜಿ, ಒಲೆ ಊದಿ ಅಭ್ಯಾಸ ಇಲ್ಲ ಅಲ್ವಾ ನಿನಗೆ ಎಂದರು.

ಅಜ್ಜಿಯನ್ನು ವಾರ್ಡಿಗೆ ಸೇರಿಸಿ ಷೆಡ್ಡಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಮಾವ ನನ್ನ ಕೈ ನೋಡಿದರು, ಕುತ್ತಿಗೆ ನೋಡಿದರು. ನೇರವಾಗಿ ಹೋಗಿ ನಾಲ್ಕನೇ ಗಾಡಿಯ ಅಡಿಗೆ ಸೇರಿಕೊಂಡರು.

ಸ್ವಲ್ಪ ಹೊತ್ತಿಗೆ ಸೂಪರಿಂಟೆಂಡೆಂಟರು ಬಂದರು. ನಾವೆಲ್ಲ ಒಂದು ಕೂಗಾಟಕ್ಕೆ ಸಿದ್ಧರಾಗಿದ್ದೆವು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಮೇಜಿನ ಮೇಲಿದ್ದ ಹಳೆಯ ಪತ್ರಿಕೆ ತೆಗೆದುಕೊಂಡು ನೆಲಕ್ಕೆ ಹಾಸಿದರು. ಕನ್ನಡಕವನ್ನು ಜೇಬಿಗೆ ಹಾಕಿದರು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಅಂಗಾತ ಮಲಗಿ, ಅಂಗುಲ ಅಂಗುಲವಾಗಿ ಜರುಗುತ್ತಾ ಮಾವನ ಪಕ್ಕಕ್ಕೆ ಹೋದರು. ಹೊರಗೆ ನಾಲ್ಕು ಪಾದಗಳು ಕಾಣುತ್ತಿದ್ದವು. ಎರಡಕ್ಕೆ ಪಾಲಿಶ್ ಮಾಡಿದ ಬೂಟು.

ಒಳಗೆ ಏನು ಮಾತಾಯಿತೋ ಪೂರ್ತಿ ಕೇಳಿಸಲಿಲ್ಲ. ಮಾವ ಬೆರಳಿಟ್ಟು ತೋರಿಸುತ್ತಿದ್ದರು, ಸೂಪರಿಂಟೆಂಡೆಂಟರು ಪ್ರಶ್ನೆ ಕೇಳುತ್ತಿದ್ದರು. ಕೇಳಿದ್ದು ಮಾವನಿಗೆ ಮುಟ್ಟದಾಗ ಅವರೇ ಮಸಿ ಹಿಡಿದ ಪ್ಲೇಟಿನ ಮೇಲೆ ಬೆರಳಿನಲ್ಲಿ ಬರೆಯುತ್ತಿದ್ದರಂತೆ. ಅರ್ಧ ಗಂಟೆ ಕಳೆದು ಹೊರಬಂದಾಗ ಸೂಪರಿಂಟೆಂಡೆಂಟರ ತಲೆಯ ತುಂಬ ಬೂದಿ.

"ನಾನು ಇಷ್ಟು ವರ್ಷ ಗಾಡಿ ನೋಡಿದ್ದು ಕಿಟಕಿಯಿಂದ," ಎಂದರು. ಮಾವನ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದರು. "ನೀವು ಹೇಳಿದ್ದನ್ನ ನಾನು ಕೇಳಬೇಕಿತ್ತು. ತಪ್ಪು ನಂದು. ನಾಳೆಯಿಂದ ಷೆಡ್ಡಿಗೆ ಬನ್ನಿ."

ಮಾವ ಕೈಯೊರೆಸಿಕೊಂಡರು. ಆಮೇಲೆ ತಾನು ಒಬ್ಬನೇ ಬರುವುದಿಲ್ಲ ಎಂದರು. ತನ್ನ ಕಿವಿ ಹೋದಾಗ ಒಂದು ಪಟ್ಟಿ ಮುರಿಯಿತು, ನಾಳೆ ಕಣ್ಣು ಹೋದರೆ ಇನ್ನೊಂದು ಮುರಿಯುತ್ತದೆ. ಆದ್ದರಿಂದ ಗಾಡಿ ವಾಪಸು ತಂದ ಪ್ರತಿಯೊಬ್ಬ ಡ್ರೈವರೂ ಇಳಿದ ಕೂಡಲೇ ಹತ್ತು ನಿಮಿಷ ತನ್ನ ಗಾಡಿಯ ಕೆಳಗೆ ಮಲಗಬೇಕು, ಮುಟ್ಟಿ ನೋಡಬೇಕು. ಅದಕ್ಕೆ ಒಪ್ಪುವುದಾದರೆ ಬರುತ್ತೇನೆ ಎಂದರು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ತಲೆಯಾಡಿಸಿದವರು ಗಡ್ಡದವರೇ.

ಹೊಸ ಪ್ಲೇಟುಗಳನ್ನು ಮಾವ ರಟ್ಟಿನಲ್ಲಿ ಕತ್ತರಿಸಿ ಅಳತೆ ತೆಗೆದರು. ಅತ್ತೆಯ ಹೊಲಿಗೆ ಕತ್ತರಿ ಅದಕ್ಕೆ ಬಲಿಯಾಯಿತು, ಅದರ ಜಗಳ ಬೇರೆ ಕತೆ. ಒಂದೇ ಹಾಳೆಯ ಬದಲು ಮೂರು ತುಂಡು. ಮುಂದಿನ ತುಂಡಿನ ಹಿಂಬದಿಯ ಅಂಚು ಅದರ ಹಿಂದಿನ ತುಂಡಿನ ತುದಿಯನ್ನು ಮೀನಿನ ಹುರುಪೆಯ ಹಾಗೆ ಕೆಳಗಿನಿಂದ ಮುಚ್ಚುವಂತೆ, ಕಲ್ಲಿಗೆ ಎಲ್ಲೂ ತಡೆ ಸಿಗದಂತೆ. ಬೋಲ್ಟಿನ ತಲೆಗಳು ಗುಳಿಯೊಳಗೆ ಅಡಗಿ ಕೂರುವಂತೆ. ನೀರು, ಕೆಸರು ಇಳಿದುಹೋಗಲು ರಂಧ್ರಗಳು. ಆರು ಬೋಲ್ಟು ಬಿಚ್ಚಿದರೆ ಐದೇ ನಿಮಿಷದಲ್ಲಿ ಇಡೀ ಒಳಭಾಗ ಕಣ್ಣೆದುರಿಗೆ. ವೆಲ್ಡಿಂಗ್ ಕತ್ತರಿಸಿ ಹಳೆಯವನ್ನು ತೆಗೆದ ದಿನ ಮೂರನೇ ಗಾಡಿಯ ಪ್ಲೇಟಿನ ಹಿಂದೆಯೂ ಎರಡು ಬುಟ್ಟಿ ಹುಲ್ಲು ಸಿಕ್ಕಿತು. ಭಾರಕ್ಕೆ ಬಳಲಿದ್ದ ಮುಂದಿನ ಸ್ಪ್ರಿಂಗುಗಳಿಗೆ ಮಾವ ಪಟ್ಟಿ ಬದಲಿಸಿದರು.

ಅದಾದ ಮೇಲೆ ಅವರು ಇನ್ನೂ ಎಂಟು ವರ್ಷ ಕೆಲಸ ಮಾಡಿದರು. ಕಿವಿ ಪೂರ್ತಿ ಹೋಯಿತು. ಐದು ಗಾಡಿಗಳಲ್ಲಿ ಒಂದೂ ದಾರಿಯಲ್ಲಿ ನಿಂತು ರೋಗಿಯನ್ನು ಹೊತ್ತು ತರುವ ಪ್ರಸಂಗ ಆ ಎಂಟು ವರ್ಷದಲ್ಲಿ ಬರಲಿಲ್ಲ. ಡ್ರೈವರುಗಳು ಮೊದಲ ತಿಂಗಳು ಶಪಿಸಿದರು, ಎರಡನೆಯ ತಿಂಗಳಿಂದ ಯಾರ ಗಾಡಿಯಲ್ಲಿ ಏನು ಕಂಡುಹಿಡಿದೆವು ಎಂದು ಜಂಬ ಕೊಚ್ಚಿಕೊಳ್ಳಲು ಶುರುಮಾಡಿದರು. ಅವರ ಮನೆಯ ಹೆಂಗಸರೆಲ್ಲ ಅಂಗಿಯ ಬೆನ್ನಿಗೆ ಎರಡು ಪದರ ಹಾಕಿಸಿಕೊಳ್ಳಲು ಅತ್ತೆಯ ಬಳಿ ಬಂದರು.

ಕಳೆದ ವರ್ಷ ಹಳೆಯ ಜೀಪುಗಳೆಲ್ಲ ಹೋಗಿ ಹೊಸವು ಬಂದವು. ಹಿಂದೆ ಮುಂದೆ ಎಲ್ಲೂ ಪಟ್ಟಿಗಳಿಲ್ಲ, ನಾಲ್ಕು ಕಡೆಯೂ ಸುರುಳಿ ಸ್ಪ್ರಿಂಗು. ಷೆಡ್ಡಿಗೆ ಹೊಸದಾಗಿ ಬಂದಿದ್ದ ಮೇಸ್ತ್ರಿ ಹೆಂಗಸು, ಮೂವತ್ತರ ಆಸುಪಾಸು. ನಿಮ್ಮ ಮಾವನವರು ಒಂದು ಸಲ ಬಂದು ನೋಡಿದರೆ ಸಂತೋಷ ಎಂದು ನನ್ನ ಬಳಿ ಹೇಳಿ ಕಳಿಸಿದರು. ಮಾವ ತೊಳೆದ ಅಂಗಿ ಹಾಕಿಕೊಂಡು ಬಂದರು. ನಾಲ್ಕು ಮಾತು ಹೇಳಿ ಆಶೀರ್ವಾದ ಮಾಡಿ ಹೊರಡುತ್ತಾರೆ ಎಂದುಕೊಂಡಿದ್ದೆ. ಅವರು ನೇರವಾಗಿ ಕೆಳಗೆ ಹೋದರು. ಆಕೆಯೂ ಹಿಂದೆಯೇ ಹೋದರು.

ಮುಕ್ಕಾಲು ಗಂಟೆಯಾದರೂ ಇಬ್ಬರೂ ಬರದಿದ್ದಾಗ, ಎಪ್ಪತ್ತರ ಹತ್ತಿರದ ಮೈ, ಏನಾದರೂ ಆಯಿತೇ ಎಂದು ನಾನು ಬಗ್ಗಿ ನೋಡಿದೆ. ಆಕೆ ಸೀಮೆಸುಣ್ಣದಿಂದ ಪ್ಲೇಟಿನ ಮೇಲೆ ಚಿತ್ರ ಬಿಡಿಸಿ, ಸುರುಳಿಯ ಮೇಲೆ ಭಾರ ಬಿದ್ದಾಗ ಚಕ್ರವನ್ನು ಹಿಡಿದಿರುವ ಯಾವ ತೋಳು ಯಾವ ಕಡೆ ಎಳೆಯುತ್ತದೆ ಎಂದು ಬಾಣದ ಗುರುತು ಹಾಕುತ್ತಿದ್ದರು. ಮಾವ ಅದನ್ನು ನೋಡಿ, ತಲೆಯಾಡಿಸಿ, ಚಿತ್ರವನ್ನು ಅಂಗೈಯಿಂದ ಒರೆಸಿ, ಸುಣ್ಣ ತಾವು ತೆಗೆದುಕೊಂಡು ಮತ್ತೆ ಬಿಡಿಸಿ ತೋರಿಸಿದರು. ಆಕೆ ಒಂದು ಬಾಣವನ್ನು ತಿದ್ದಿದರು. ಮಾವ ಇನ್ನೊಂದು ಸಲ ಒರೆಸಿದರು.

ಅತ್ತೆ ಊಟಕ್ಕೆ ಕಾಯುತ್ತಿದ್ದಾರೆ ಎಂದು ನಾನು ಅವರ ಕಾಲು ಮುಟ್ಟಿ ಸನ್ನೆ ಮಾಡಿದೆ. ಮಾವ ಕತ್ತು ಹೊರಳಿಸಿ ನನ್ನನ್ನು ನೋಡಿದರು.

"ನೀನು ಹೋಗಿರು," ಎಂದರು. "ಮುಂದಿನ ಚಕ್ರದ್ದು ಅರ್ಥ ಆಯ್ತು. ಹಿಂದಿನದು ಇನ್ನೂ ಕೇಳಬೇಕು ಇವರ ಹತ್ರ."